ಒಂದೇ ಕಾಂಪೌಂಡು, ಎರಡು ಗೇಟು: ಚಿಕ್ಕ ಫ್ಲ್ಯಾಟಿನವರಿಗೆ ಕ್ಲಬ್‌ಹೌಸ್ ಹಕ್ಕಿಲ್ಲವೇ?

ಪ್ರಶ್ನೆ: ನಾವು ಗೋಣಿಕೊಪ್ಪದ ಹತ್ತಿರದ ಕಾಫಿ ಬೆಳೆಗಾರರು. 2022ರಲ್ಲಿ ಕರಿಮೆಣಸು ಮಾರಿದ ದುಡ್ಡಿಗೆ ಬ್ಯಾಂಕ್ ಸಾಲ ಸೇರಿಸಿ, ಬೆಂಗಳೂರಿನಲ್ಲಿ ಇನ್ನೂ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ 42 ಲಕ್ಷಕ್ಕೆ ಒಂದು ಬೆಡ್‌ರೂಮಿನ ಫ್ಲ್ಯಾಟ್ ತೆಗೆದುಕೊಂಡೆವು. ನನ್ನ ಮತ್ತು ಮಗಳ ಜಂಟಿ ಹೆಸರಿನಲ್ಲಿದೆ, ರಿಜಿಸ್ಟ್ರೇಷನ್ ಆಗಿದೆ. ಎ ಮತ್ತು ಬಿ ಟವರಿನಲ್ಲಿ 1,650 ಚದರಡಿಯ 240 ಫ್ಲ್ಯಾಟುಗಳು. ನಮ್ಮ ಸಿ ಟವರಿನಲ್ಲಿ 650 ಚದರಡಿಯ 96. ನಮ್ಮದಕ್ಕೆ ಹಿಂದಿನ ರಸ್ತೆಯಿಂದ ಬೇರೆ ಗೇಟು. ಕ್ಲಬ್‌ಹೌಸ್ ಬಾಗಿಲಿಗೆ ಮಗಳು ಕಾರ್ಡ್ ಹಿಡಿದರೆ ಕೆಂಪು ದೀಪ ಹತ್ತುತ್ತದೆ. ಹೋದ ತಿಂಗಳು ಆರು ವರ್ಷದ ಮೊಮ್ಮಗನನ್ನು ಸೆಕ್ಯೂರಿಟಿಯವನು ಜಾರುಬಂಡಿಯಿಂದ ಇಳಿಸಿ ಕಳಿಸಿದ. ಮೆಂಟೆನೆನ್ಸ್ ಮಾತ್ರ ಎಲ್ಲ ಫ್ಲ್ಯಾಟಿಗೂ ಒಂದೇ, ತಿಂಗಳಿಗೆ 4,500. ಎ, ಬಿಗೆ ಕಾವೇರಿ ನೀರು, ನಮಗೆ ಬೋರ್‌ವೆಲ್ ಮತ್ತು ಟ್ಯಾಂಕರ್. ‘ತಲಕಾವೇರಿ ಜಿಲ್ಲೆಯವರಿಗೇ ಕಾವೇರಿ ಇಲ್ಲ’ ಎಂದು ಮಗಳು ನಗುತ್ತಾಳೆ, ನನಗೆ ನಗು ಬರುವುದಿಲ್ಲ. ಕೇಳಿದರೆ ‘ನಿಮ್ಮದು ಅಫೋರ್ಡಬಲ್ ಟವರ್, ನಿಮಗೆ ಅಮೆನಿಟೀಸ್ ಇಲ್ಲ’ ಎನ್ನುತ್ತಾರೆ. ಇದು ಕಾನೂನಿಗೆ ಸರಿಯೇ? ಮೆಂಟೆನೆನ್ಸ್ ನಿಲ್ಲಿಸಬಹುದೇ? ಮಾರಿಬಿಡುವುದೇ ವಾಸಿಯೇ? ನನ್ನ ಭಾವ ಕುಶಾಲನಗರದ ಕಡೆ ಕ್ಲಬ್‌ಹೌಸ್ ಇರುವ ವಿಲ್ಲಾ ಲೇಔಟಿನಲ್ಲಿ ಸೈಟು ನೋಡುತ್ತಿದ್ದಾರೆ, ಅವರಿಗೂ ಏನಾದರೂ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ದೂರುಗಳಿವೆ: ಗೇಟು, ಕ್ಲಬ್‌ಹೌಸ್ ಮತ್ತು ಆಟದ ಜಾಗ, ಮೆಂಟೆನೆನ್ಸ್, ನೀರು. ನಾಲ್ಕೂ ಒಂದೇ ಅವಮಾನದಂತೆ ಕಂಡರೂ ಕಾನೂನಿನಲ್ಲಿ ಅವುಗಳ ಬಲ ಒಂದೇ ಅಲ್ಲ. ಮೆಂಟೆನೆನ್ಸ್ ವಿಚಾರದಲ್ಲಿ ನಿಮ್ಮ ಪಕ್ಷ ಗಟ್ಟಿ, ನೀರಿನಲ್ಲಿ ಸಾಕಷ್ಟು ಗಟ್ಟಿ. ಆಟದ ಜಾಗ ಬಹುಮಟ್ಟಿಗೆ ನಿಮ್ಮ ಕಡೆಗೇ ಇದೆ. ಕ್ಲಬ್‌ಹೌಸ್ ಕಾಗದ ನೋಡದೆ ಹೇಳಲಾಗದು. ಗೇಟಿನ ವಿಷಯದಲ್ಲಿ ನೀವು ಗೆಲ್ಲುವುದು ಕಷ್ಟ.

ಮೊದಲು ‘ಅಫೋರ್ಡಬಲ್’ ಎಂಬ ಮಾತು. ಅದು ನಿಮ್ಮ ಹಕ್ಕಿನ ದರ್ಜೆಯಲ್ಲ, ತೆರಿಗೆಯ ವರ್ಗ. 2019ರ ಏಪ್ರಿಲ್ 1ರಿಂದ, ಬೆಂಗಳೂರಿನಂಥ ಮಹಾನಗರದಲ್ಲಿ ಕಾರ್ಪೆಟ್ ಏರಿಯಾ (ಗೋಡೆಯೊಳಗಿನ ಬಳಕೆಯ ಜಾಗ) 60 ಚದರ ಮೀಟರ್ ಒಳಗಿದ್ದು ಬೆಲೆ 45 ಲಕ್ಷ ಮೀರದ, ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಶೇ 1, ಉಳಿದವಕ್ಕೆ ಶೇ 5. ಅಮೆನಿಟಿ ಯಾರಿಗೆ ಉಂಟು ಯಾರಿಗಿಲ್ಲ ಎಂದು ಆ ನಿಯಮ ಎಲ್ಲೂ ಹೇಳುವುದಿಲ್ಲ. ಆದರೆ ಬಿಲ್ಡರುಗಳು ಚಿಕ್ಕ ಟವರಿಗೆ ಕ್ಲಬ್ ಕೊಡದಿರಲು ಒಂದು ಕಾರಣ ಇದರೊಳಗೇ ಅಡಗಿದೆ. ಆ 45 ಲಕ್ಷದ ಲೆಕ್ಕಕ್ಕೆ ಪಾರ್ಕಿಂಗ್, ಡೆವಲಪ್‌ಮೆಂಟ್ ಚಾರ್ಜ್, ಸಾಮಾನ್ಯ ಸೌಲಭ್ಯಗಳ ಶುಲ್ಕ ಎಲ್ಲವೂ ಸೇರುತ್ತವೆ. ನಿಮ್ಮ 42 ಲಕ್ಷಕ್ಕೆ ಮೂರೂವರೆ ಲಕ್ಷದ ಕ್ಲಬ್ ಶುಲ್ಕ ಕೂಡಿಸಿದರೆ 45.5 ಲಕ್ಷ ಆಗುತ್ತದೆ, ಜಿಎಸ್‌ಟಿ 42,000ದಿಂದ 2,27,500ಕ್ಕೆ ಏರುತ್ತದೆ. ಅಷ್ಟು ಏರಿದರೆ ಫ್ಲ್ಯಾಟ್ ಮಾರಾಟವಾಗುವುದು ಕಷ್ಟ. ಹಾಗಾಗಿ ಕ್ಲಬ್ಬನ್ನು ಬೆಲೆಯಿಂದ ತೆಗೆದು, ಒಪ್ಪಂದದ ಕೊನೆಯ ಪುಟಗಳಲ್ಲೆಲ್ಲೋ ‘ಸಿ ಟವರಿಗೆ ಅನ್ವಯಿಸುವುದಿಲ್ಲ’ ಎಂದು ಒಂದು ಸಾಲು ಸೇರಿಸುವುದು ನಡೆದುಕೊಂಡು ಬಂದಿದೆ. ನಿಮ್ಮ ಸೇಲ್ ಅಗ್ರಿಮೆಂಟಿನಲ್ಲಿ ಆ ಸಾಲು ಇದೆಯೇ ನೋಡಿ. ಶೇ 5 ಜಿಎಸ್‌ಟಿ ಕಟ್ಟಿಸಿಕೊಂಡು ಈಗ ಅಫೋರ್ಡಬಲ್ ಎನ್ನುತ್ತಿದ್ದಾರೆಯೇ ಎಂಬುದನ್ನೂ ರಸೀದಿಯಲ್ಲಿ ನೋಡಿಕೊಳ್ಳಿ.

ಎರಡನೆಯ ಕಾರಣ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ. ಹಂತಹಂತವಾಗಿ ಕಟ್ಟುವ ಯೋಜನೆಯಲ್ಲಿ ಪ್ರತಿ ಹಂತವನ್ನೂ ಪ್ರತ್ಯೇಕ ಯೋಜನೆ ಎಂದೇ 2016ರ ರೇರಾ ಕಾಯ್ದೆ ಪರಿಗಣಿಸುತ್ತದೆ. ಸಿ ಟವರಿಗೆ ಬೇರೆ ನೋಂದಣಿ ಸಂಖ್ಯೆ ಇದ್ದರೆ, ಕ್ಲಬ್‌ಹೌಸ್ ಎ, ಬಿ ಹಂತದ ಸೌಲಭ್ಯ ಎಂದು ಬಿಲ್ಡರ್ ವಾದಿಸಬಹುದು. ಮೂರಕ್ಕೂ ಒಂದೇ ಸಂಖ್ಯೆ ಇದ್ದರೆ ಆ ವಾದದ ಅರ್ಧ ಬಲ ಅಲ್ಲೇ ಹೋಯಿತು. ಏಕೆಂದರೆ ಆ ಕಾಯ್ದೆಯ ‘ಸಾಮಾನ್ಯ ಪ್ರದೇಶ’ದ ವ್ಯಾಖ್ಯೆಯಲ್ಲಿ ಯೋಜನೆಯ ಇಡೀ ಜಮೀನು, ಉದ್ಯಾನ, ಆಟದ ಜಾಗ, ಸಮುದಾಯ ಸೌಲಭ್ಯ ಎಲ್ಲವೂ ಬರುತ್ತವೆ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ಹೆಸರು ಹಾಕಿ ಹುಡುಕಿದರೆ ಅನುಮೋದಿತ ನಕ್ಷೆ, ಅಗ್ರಿಮೆಂಟಿನ ಕರಡು, ಸೌಲಭ್ಯಗಳ ವಿವರ ಸಿಗುತ್ತವೆ. ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ, ಮೊದಲು ಅದನ್ನು ಮಾಡಿ.

ಆದರೆ ಎಲ್ಲಕ್ಕಿಂತ ಮುಖ್ಯವಾದ ಕಾಗದ ಡೀಡ್ ಆಫ್ ಡಿಕ್ಲರೇಷನ್. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುವ ಈ ದಸ್ತಾವೇಜಿನಲ್ಲಿ ಯಾವುದು ಎಲ್ಲರದ್ದು, ಯಾವುದು ಕೆಲವೇ ಫ್ಲ್ಯಾಟುಗಳಿಗೆ ಮೀಸಲು, ಯಾವ ಫ್ಲ್ಯಾಟಿಗೆ ಶೇಕಡಾ ಎಷ್ಟು ಅವಿಭಜಿತ ಪಾಲು (ಸಾಮಾನ್ಯ ಜಾಗ, ಸೌಲಭ್ಯಗಳಲ್ಲಿ ತುಂಡು ಮಾಡದ ಒಡೆತನದ ಭಾಗ) ಎಂದು ಬರೆದಿರಬೇಕು. ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಜಂಟಿ ಜಮೀನು) ಇರುವ ಮನೆತನಗಳಿಗೆ ಅವಿಭಜಿತ ಪಾಲು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ: ಆರ್‌ಟಿಸಿಯಲ್ಲಿ ಹೆಸರಿರುವವರಿಗೆ ಪಾಲು ಚಿಕ್ಕದಿರಬಹುದು, ಆದರೆ ಇಂಥ ಮರದಿಂದಾಚೆ ಕಾಲಿಡಬೇಡ ಎನ್ನುವಂತಿಲ್ಲ. ಫ್ಲ್ಯಾಟಿನಲ್ಲೂ ಹಾಗೆಯೇ. ಸಾಮಾನ್ಯ ಸೌಲಭ್ಯ ಎಂದು ಡಿಕ್ಲರೇಷನ್ನಿನಲ್ಲಿ ಬರೆದದ್ದನ್ನು ಪಾಲು ಶೇ 0.14 ಇರಲಿ, ಶೇ 0.36 ಇರಲಿ, ಉಳಿದವರಿಗೆ ಅಡ್ಡಿಯಾಗದಂತೆ ಪ್ರತಿಯೊಬ್ಬ ಮಾಲೀಕರೂ ಬಳಸಬಹುದು. ಮಾಲೀಕರ ಸಂಘದ (ಅಸೋಸಿಯೇಷನ್) ಕಮಿಟಿಯ ಠರಾವು, ವಾಟ್ಸಾಪ್ ಸೂಚನೆ, ಕಾರ್ಡಿನ ಪ್ರೋಗ್ರಾಮಿಂಗ್ ಇವು ಯಾವುವೂ ಅದನ್ನು ಕಿತ್ತುಕೊಳ್ಳಲಾರವು.

ಡಿಕ್ಲರೇಷನ್ ಓದುವಾಗ ಕ್ಲಬ್‌ಹೌಸ್ ಮೂರರಲ್ಲಿ ಒಂದು ಕಡೆ ಸಿಗುತ್ತದೆ. ಸಾಮಾನ್ಯ ಸೌಲಭ್ಯಗಳ ಪಟ್ಟಿಯಲ್ಲಿದ್ದರೆ ನಿಮ್ಮದೂ ಹೌದು, ಕೆಂಪು ದೀಪ ಕಾನೂನುಬಾಹಿರ. ಕಾಯ್ದೆಯಲ್ಲಿ ‘ಸೀಮಿತ ಸಾಮಾನ್ಯ ಸೌಲಭ್ಯ’ ಎಂಬ ಇನ್ನೊಂದು ವರ್ಗ ಇದೆ. ಇಂಥ ಫ್ಲ್ಯಾಟುಗಳಿಗೆ ಮಾತ್ರ ಎಂದು ಅಲ್ಲಿ ಸ್ಪಷ್ಟವಾಗಿ ನಮೂದಿಸಿದ್ದರೆ ಬಳಕೆ ಅವರಿಗೆ ಸೀಮಿತ, ಜೊತೆಗೆ ಅದರ ಖರ್ಚೂ ಅವರದೇ ಆಗಬೇಕು ಎಂದು ನೀವು ಪಟ್ಟು ಹಿಡಿಯಬಹುದು. ಮೂರನೆಯದು, ಕ್ಲಬ್ ಇರುವ ಜಾಗವನ್ನು ಬಿಲ್ಡರ್ ತನ್ನ ಹೆಸರಿನಲ್ಲೇ ಉಳಿಸಿಕೊಂಡು ಸದಸ್ಯತ್ವ ಮಾರುತ್ತಿರುವುದು. ಹಾಗಿದ್ದರೆ ಆ ಕ್ಲಬ್ಬಿನ ಖರ್ಚು ಅಸೋಸಿಯೇಷನ್ನಿನ ಮೆಂಟೆನೆನ್ಸಿನಲ್ಲಿ ಏಕಿದೆ ಎಂದು ಎ, ಬಿ ಟವರಿನವರೇ ಕೇಳಬೇಕಾಗುತ್ತದೆ.

ಡಿಕ್ಲರೇಷನ್ನಿನ ದೃಢೀಕೃತ ಪ್ರತಿಗೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಸೇವೆಯಲ್ಲಿ ಅರ್ಜಿ ಹಾಕಬಹುದು. ನಿಮ್ಮ ಕ್ರಯಪತ್ರದಲ್ಲಿ ಡಿಕ್ಲರೇಷನ್ನಿನ ನೋಂದಣಿ ಸಂಖ್ಯೆ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಜಮೀನಿನ ಸರ್ವೆ ನಂಬರಿಗೆ ಇಸಿ (ಋಣಭಾರ ಪತ್ರ) ತೆಗೆಸಿದರೆ ಕಾಣಿಸುತ್ತದೆ. ಇಸಿಯಲ್ಲೂ ಕಾಣದಿದ್ದರೆ ಡಿಕ್ಲರೇಷನ್ನೇ ಆಗಿಲ್ಲ ಎಂದರ್ಥ, ಅಸೋಸಿಯೇಷನ್ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಮಾತ್ರ ನಡೆಯುತ್ತಿರಬಹುದು. ಬೆಂಗಳೂರಿನಲ್ಲಿ ಇದು ಅಪರೂಪವೇನಲ್ಲ. ಆಗ ಸಿ ಟವರಿಗೆ ಹಕ್ಕಿಲ್ಲ ಎನ್ನಲು ಅವರ ಬಳಿ ನೋಂದಾಯಿತ ಆಧಾರವೇ ಇರುವುದಿಲ್ಲ. ಡಿಕ್ಲರೇಷನ್ ಮಾಡಿಸಿ ಎಂದು ಒತ್ತಾಯಿಸುವ ಜೊತೆಗೆ, ಕರಡು ಬರೆಯುವಾಗ ಸಿ ಟವರಿನವರೂ ಕೂತಿರಬೇಕು. ಒಮ್ಮೆ ನೋಂದಣಿಯಾದ ಪಾಲಿನ ಶೇಕಡಾವಾರನ್ನು ಎಲ್ಲ ಮಾಲೀಕರ ಒಪ್ಪಿಗೆಯಿಲ್ಲದೆ ಬದಲಿಸಲಾಗದು.

ಮೊಮ್ಮಗನ ಜಾರುಬಂಡಿಯನ್ನು ಕ್ಲಬ್ಬಿನ ಜೊತೆ ಗಂಟು ಹಾಕಬೇಡಿ. ಈಜುಕೊಳ, ಜಿಮ್ ಕಟ್ಟಡದೊಳಗಿನ ಸೌಲಭ್ಯಗಳು. ಆಟದ ಜಾಗ ಸಾಮಾನ್ಯವಾಗಿ ಅನುಮೋದಿತ ನಕ್ಷೆಯಲ್ಲಿ ತೋರಿಸಿದ ತೆರೆದ ಜಾಗದ ಭಾಗ. ಆ ತೆರೆದ ಜಾಗದ ಲೆಕ್ಕದ ಮೇಲೆಯೇ ಸಿ ಟವರಿಗೂ ಅನುಮತಿ ಸಿಕ್ಕಿರುತ್ತದೆ. ನಕ್ಷೆಯಲ್ಲಿ ಹಸಿರು ಬಣ್ಣದ ಆ ತುಂಡು ಎಲ್ಲಿದೆ, ಮೂರೂ ಟವರು ಒಂದೇ ನಕ್ಷೆಯಲ್ಲಿವೆಯೇ ಎಂದು ನೋಡಿ. ದೊಡ್ಡ ಯೋಜನೆಗಳಲ್ಲಿ ಒಂದಷ್ಟು ಭಾಗವನ್ನು ಉದ್ಯಾನಕ್ಕೆಂದು ಯೋಜನಾ ಪ್ರಾಧಿಕಾರಕ್ಕೇ ಬಿಟ್ಟುಕೊಟ್ಟಿರುತ್ತಾರೆ. ಜಾರುಬಂಡಿ ಅಂಥ ಜಾಗದಲ್ಲಿದ್ದರಂತೂ ಯಾವ ಮಗುವನ್ನೂ ಇಳಿಸುವ ಅಧಿಕಾರ ಯಾರಿಗೂ ಇಲ್ಲ. ಈ ಚಾಳಿ ನಮ್ಮೂರಿನದು ಮಾತ್ರವೂ ಅಲ್ಲ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಒಂದೇ ಸಮುಚ್ಚಯದ ಕಡಿಮೆ ಬಾಡಿಗೆ ಮನೆಗಳ ಮಕ್ಕಳು ಆಟದ ಜಾಗಕ್ಕೆ ಬಾರದಂತೆ ಬೇಲಿಗಿಡ ಬೆಳೆಸಿದ್ದು 2019ರಲ್ಲಿ ಪತ್ರಿಕೆಗೆ ಬಂತು, ದೊಡ್ಡ ಗಲಾಟೆಯಾದ ಮೇಲೆ ಜಾಗ ತೆರೆದುಕೊಂಡಿತು.

ಗೇಟಿಗೆ ಬರೋಣ. ನ್ಯೂಯಾರ್ಕಿನಲ್ಲಿ ಇಂಥ ಬೇರೆ ಬಾಗಿಲಿಗೆ ‘ಬಡವರ ಬಾಗಿಲು’ ಎಂದೇ ಹೆಸರು ಬಿದ್ದಿತ್ತು. ತೆರಿಗೆ ವಿನಾಯಿತಿ ಪಡೆಯುವ ಕಟ್ಟಡಗಳಲ್ಲಿ ಅದು ಕೂಡದೆಂದು 2015ರಲ್ಲಿ ಅಲ್ಲಿ ಕಾನೂನೇ ಬದಲಾಯಿತು. ನಮ್ಮಲ್ಲಿ ಅಂಥ ನಿಷೇಧವಿಲ್ಲ. ಅನುಮೋದಿತ ನಕ್ಷೆಯಲ್ಲೇ ಎರಡು ಗೇಟು ಇದ್ದರೆ ಸಿ ಟವರಿಗೆ ಹಿಂದಿನ ಗೇಟು ಎನ್ನುವುದು ಕೆಟ್ಟ ನಡತೆಯಾದೀತು, ಅಕ್ರಮವಾಗದು. ಮೂರು ಸಂದರ್ಭಗಳಲ್ಲಿ ಮಾತ್ರ ಬಲವಾಗಿ ಕೇಳಿ: ನಕ್ಷೆಯಲ್ಲಿಲ್ಲದ ಗೋಡೆ ಅಥವಾ ಬೇಲಿ ಒಳಗೆ ಎದ್ದಿದ್ದರೆ, ಅಗ್ನಿಶಾಮಕ ವಾಹನ ಸಿ ಟವರಿನ ಸುತ್ತ ಬರಲಾಗದಂತಿದ್ದರೆ, ಮುಖ್ಯ ಗೇಟಿನಲ್ಲಿ ನಿಮ್ಮ ಮಗಳನ್ನು ತಡೆದರೆ. ಉಳಿದಂತೆ ಗೇಟಿಗಾಗಿ ಕೋರ್ಟು ಹತ್ತಬೇಡಿ. ಆ ಸಿಟ್ಟನ್ನು ಮೆಂಟೆನೆನ್ಸಿಗೆ ಉಳಿಸಿಕೊಳ್ಳಿ.

ಈಗ ನೀವು ಗೆಲ್ಲಬಹುದಾದ ವಿಷಯ. 1972ರ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಖರ್ಚು ಹಂಚಬೇಕಾದದ್ದು ಅವಿಭಜಿತ ಪಾಲಿನ ಶೇಕಡಾವಾರು, ಫ್ಲ್ಯಾಟಿಗೆ ಇಷ್ಟು ಎಂದು ತಲೆ ಎಣಿಸಿ ಅಲ್ಲ. ಇದೇ ಮಾದರಿಯ ಮಹಾರಾಷ್ಟ್ರ ಕಾಯ್ದೆಯಡಿ ಪುಣೆಯ ಒಂದು ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2025ರಲ್ಲಿ ದೊಡ್ಡ ಫ್ಲ್ಯಾಟಿನವರು ಹೆಚ್ಚು ಕೊಡಬೇಕು ಎಂದೇ ಹೇಳಿದೆ. ಅದು ಕರ್ನಾಟಕವನ್ನು ಕಟ್ಟಿಹಾಕುವುದಿಲ್ಲ, ಆದರೆ ವಾದಕ್ಕೆ ಒಳ್ಳೆಯ ಊರುಗೋಲು.

ನೀವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು ನೋಡಿ. ಪಾಲು ಲೆಕ್ಕ ಹಾಕುವುದು ಫ್ಲ್ಯಾಟಿನ ಮೌಲ್ಯದ ಮೇಲೆ. ಇಲ್ಲಿ ಸುಲಭಕ್ಕೆ ಚದರಡಿ ಹಿಡಿದಿದ್ದೇನೆ. 240 ದೊಡ್ಡ ಫ್ಲ್ಯಾಟು ಸೇರಿ 3,96,000 ಚದರಡಿ, 96 ಚಿಕ್ಕವು ಸೇರಿ 62,400, ಒಟ್ಟು 4,58,400. ಅಂದರೆ ಸಿ ಟವರಿನ ಪಾಲು ಶೇ 13.6. ಆದರೆ ತಲೆಗೆ 4,500ರಂತೆ ಒಟ್ಟಾಗುವ 15,12,000 ರೂಪಾಯಿಯಲ್ಲಿ ಸಿ ಟವರು ಕೊಡುತ್ತಿರುವುದು 4,32,000, ಶೇ 28.6. ವಿಸ್ತೀರ್ಣದ ಪ್ರಕಾರ ಹಂಚಿದರೆ ಚದರಡಿಗೆ ಸುಮಾರು 3.30 ರೂಪಾಯಿ ಬೀಳುತ್ತದೆ: ನಿಮಗೆ ತಿಂಗಳಿಗೆ 2,144, ದೊಡ್ಡ ಫ್ಲ್ಯಾಟಿಗೆ 5,442. ಈಗ ನೀವು ವರ್ಷಕ್ಕೆ 28,000ಕ್ಕೂ ಹೆಚ್ಚು ರೂಪಾಯಿಯನ್ನು ದೊಡ್ಡ ಫ್ಲ್ಯಾಟಿನವರ ಪರವಾಗಿ ಕಟ್ಟುತ್ತಿದ್ದೀರಿ. ಕ್ಲಬ್ಬಿನ ಖರ್ಚು ತಿಂಗಳಿಗೆ ಮೂರು ಲಕ್ಷ ಎಂದು ಹಿಡಿದು, ಅದು ಎ, ಬಿಗೆ ಮೀಸಲು ಎಂದಾದರೆ ನಿಮ್ಮ ಪಾಲು ಇನ್ನೂ ಇಳಿದು 1,719ಕ್ಕೆ ನಿಲ್ಲುತ್ತದೆ. ಮಾತುಕತೆಯಲ್ಲಿ ಕಮಿಟಿಯನ್ನು ಇಕ್ಕಟ್ಟಿಗೆ ಸಿಕ್ಕಿಸುವ ಅಂಕಿ ಇದೇ. ಒಂದೋ ಕ್ಲಬ್ ಎಲ್ಲರದ್ದು, ಬಾಗಿಲು ತೆರೆಯಿರಿ. ಇಲ್ಲವೋ ಕೆಲವರದ್ದು, ಬಿಲ್ಲಿನಿಂದ ತೆಗೆಯಿರಿ. ಎರಡನ್ನೂ ಒಟ್ಟಿಗೆ ಹೇಳಲು ಅವರಿಗೆ ದಾರಿಯಿಲ್ಲ.

‘ವಾಚ್‌ಮನ್ ಎಲ್ಲರಿಗೂ ಒಂದೇ ಅಲ್ಲವೇ’ ಎಂದು ಅವರು ಕೇಳುತ್ತಾರೆ. ಲೋಕಾರೂಢಿಯಲ್ಲಿ ಅದರಲ್ಲಿ ಅರ್ಥವಿದೆ, ಹಾಗಾಗಿ ಕೆಲವು ಕಡೆ ಸೆಕ್ಯೂರಿಟಿ, ಕಸ ವಿಲೇವಾರಿಯನ್ನು ಫ್ಲ್ಯಾಟಿನ ಲೆಕ್ಕದಲ್ಲಿ, ಉಳಿದದ್ದನ್ನು ಚದರಡಿ ಲೆಕ್ಕದಲ್ಲಿ ಹಂಚಿಕೊಂಡು ರಾಜಿ ಆಗುತ್ತಾರೆ. ಜಗಳ ಬೇಗ ಮುಗಿಯಬೇಕೆಂದಿದ್ದರೆ ಇದಕ್ಕೆ ಒಪ್ಪಬಹುದು. ಒಪ್ಪುವ ಮುನ್ನ ಮೂರು ವರ್ಷದ ಆಡಿಟ್ ಆದ ಲೆಕ್ಕ ಕೇಳಿ, ಖರ್ಚಿನ ಬಾಬ್ತುಗಳನ್ನು ನೀವೇ ಬಿಡಿಸಿ ನೋಡಿ.

ಇಲ್ಲೊಂದು ಕಹಿ ಸಂಗತಿ. ಖರ್ಚಿನಂತೆ ಮತವೂ ಪಾಲಿನ ಶೇಕಡಾವಾರೇ. 1972ರ ಕಾಯ್ದೆಯಲ್ಲಿ ಬಹುಮತ ಎಂದರೆ ಡಿಕ್ಲರೇಷನ್ನಿನಲ್ಲಿ ಹಂಚಿದ ಮತಗಳ ಶೇ 51. ಸಿ ಟವರಿನ 96 ಮನೆಯವರೂ ಒಗ್ಗಟ್ಟಾಗಿ ಕೈ ಎತ್ತಿದರೂ ಅದು ಶೇ 13–14 ಅಷ್ಟೇ. ಸಭೆಯಲ್ಲಿ ಮತಕ್ಕೆ ಹಾಕಿ ಗೆಲ್ಲುವ ಆಟ ಇದಲ್ಲ. ಸಭೆಗೆ ಹೋಗುವುದು ನಿಮ್ಮ ಆಕ್ಷೇಪಣೆ ನಡಾವಳಿಯಲ್ಲಿ ದಾಖಲಾಗಲಿ ಎಂದು. ಮುಂದೆ ಕೋರ್ಟಿನಲ್ಲಿ ನಡಾವಳಿಯ ಆ ಒಂದು ಸಾಲು ಬೇಕಾಗುತ್ತದೆ.

ಮೆಂಟೆನೆನ್ಸ್ ನಿಲ್ಲಿಸಬೇಡಿ. ಸಿಟ್ಟಿನಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಅದೇ, ಕೇಸು ಹಾಳಾಗುವುದೂ ಅಲ್ಲೇ. ಸೌಲಭ್ಯ ಬಳಸುವುದಿಲ್ಲ ಎಂಬ ಕಾರಣಕ್ಕೆ ಯಾವ ಮಾಲೀಕರೂ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಬಾಕಿ ಫ್ಲ್ಯಾಟಿನ ಮೇಲೆ ಋಣಭಾರವಾಗಿ ಕೂರುತ್ತದೆ, ಮಾರುವಾಗ ನೋ ಡ್ಯೂ ಪತ್ರ ಸಿಗುವುದಿಲ್ಲ. ಪೂರ್ತಿ 4,500 ಕಟ್ಟಿ, ಪ್ರತಿ ತಿಂಗಳೂ ಒಂದು ಇಮೇಲ್ ಹಾಕಿ: ‘ಹಕ್ಕು ಕಾಯ್ದಿರಿಸಿ, ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇವೆ, ಪಾಲಿನ ಪ್ರಕಾರ ನಮ್ಮ ಬಾಬ್ತು ಇಷ್ಟು, ಹೆಚ್ಚುವರಿಯನ್ನು ಮರಳಿಸಿ ಅಥವಾ ಮುಂದಿನ ಬಿಲ್ಲಿಗೆ ಹೊಂದಿಸಿ.’ ಅಷ್ಟು ಸಾಕು.

ನೀರಿಗೆ ಉಪಾಯ ಬೇರೆ. ಜಲಮಂಡಳಿ ಸಂಪರ್ಕ ಪಡೆಯುವಾಗ ಬಿಲ್ಡರ್ ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ಪ್ರೊ ರೇಟಾ ಶುಲ್ಕ ಕಟ್ಟಿರುತ್ತಾನೆ. ಆ ರಸೀದಿಯ ವಿಸ್ತೀರ್ಣದಲ್ಲಿ ಸಿ ಟವರೂ ಸೇರಿದ್ದರೆ ಸಂಪರ್ಕ ನಿಮಗೂ ಸೇರಿದ್ದು. ತೊಡಕು ಬಹುಶಃ ಪ್ಲಂಬಿಂಗಿನಲ್ಲಿದೆ: ಕಾವೇರಿ ಕೊಳವೆ ಎ, ಬಿಯ ಸಂಪಿಗೆ (ನೆಲದಡಿಯ ನೀರಿನ ತೊಟ್ಟಿಗೆ) ಬಂದು ನಿಂತಿದೆ, ಸಿ ಟವರಿನ ಸಂಪಿಗೆ ಬೋರ್‌ವೆಲ್ ಲೈನ್ ಮತ್ತು ಟ್ಯಾಂಕರ್ ಪೈಪು ಮಾತ್ರ. ಎರಡು ಸಂಪಿನ ನಡುವೆ ಒಂದು ಲೈನು, ಒಂದು ವರ್ಗಾವಣೆ ಪಂಪು, ಸಿ ಕಡೆಗೆ ಒಂದು ಬಲ್ಕ್ ಮೀಟರ್ ಹಾಕಿದರೆ ಪಾಲಿನ ನೀರು ಅಳೆದು ಬರುತ್ತದೆ. ಮೀಟರ್ ಇಲ್ಲದೆ ಜೋಡಿಸಿದರೆ ಬೇಸಿಗೆಯ ಮೊದಲ ವಾರದಲ್ಲೇ ವಾಲ್ವ್ ಯಾರು ಮುಚ್ಚಿದರು ಎಂಬ ಜಗಳ ಶುರುವಾಗುತ್ತದೆ. ಕೇಳುವ ಮುನ್ನ ಒಂದೇ ದಿನ ಎರಡೂ ಟವರಿನ ನಲ್ಲಿಯಿಂದ ಲೀಟರ್ ಲೀಟರ್ ನೀರು ಹಿಡಿದು ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕೊಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ ಮೀರಬಾರದು. 2,000 ಮತ್ತು 600ರ ತನಕ ಸಡಿಲಿಕೆ ಇರುವುದು ಬೇರೆ ಮೂಲ ಇಲ್ಲದಿದ್ದಾಗ ಮಾತ್ರ. ನಿಮ್ಮಲ್ಲಿ ಬೇರೆ ಮೂಲ ಅದೇ ಕಾಂಪೌಂಡಿನೊಳಗಿದೆ.

ಇಷ್ಟರ ಮೇಲೂ ಬಗೆಹರಿಯದಿದ್ದರೆ ಎಲ್ಲಿಗೆ ಹೋಗಬೇಕು ಎಂಬುದು ಎದುರಾಳಿ ಯಾರು ಎನ್ನುವುದರ ಮೇಲಿದೆ. ಬ್ರೋಷರಿನಲ್ಲಿ ಕ್ಲಬ್‌ಹೌಸ್ ಎಲ್ಲರಿಗೂ ಎಂದು ತೋರಿಸಿ ಮಾರಿದ್ದರೆ, ನಕ್ಷೆ ಮೀರಿ ಬೇಲಿ ಹಾಕಿದ್ದರೆ, ಸಾಮಾನ್ಯ ಜಾಗವನ್ನು ಇನ್ನೂ ಅಸೋಸಿಯೇಷನ್ನಿಗೆ ಬರೆದುಕೊಡದಿದ್ದರೆ ಅದು ಬಿಲ್ಡರ್ ವಿರುದ್ಧದ ದೂರು, ರೇರಾಕ್ಕೆ ಹೋಗುತ್ತದೆ. ಸುಳ್ಳು ಜಾಹೀರಾತಿಗೆ 12ನೇ ಸೆಕ್ಷನ್, ನಕ್ಷೆ ಬದಲಾವಣೆಗೆ 14, ಸಾಮಾನ್ಯ ಪ್ರದೇಶದ ಹಸ್ತಾಂತರಕ್ಕೆ 17. ಬ್ರೋಷರ್, ಸೇಲ್ಸ್‌ನವರ ವಾಟ್ಸಾಪ್ ಸಂದೇಶ, ಮಾದರಿ ಫ್ಲ್ಯಾಟಿನಲ್ಲಿ ತೆಗೆದ ಫೋಟೊ ಯಾವುದನ್ನೂ ಅಳಿಸಬೇಡಿ. ರೇರಾ ಆದೇಶ ಬರುವುದಕ್ಕಿಂತ ಜಾರಿಯಾಗುವುದೇ ನಿಧಾನ ಎಂಬುದೂ ಗೊತ್ತಿರಲಿ.

ಇನ್ನೊಂದು ದಾರಿ ಗ್ರಾಹಕರ ಆಯೋಗ, ಮತ್ತು ಅದಕ್ಕೆ ನೀವು ಬೆಂಗಳೂರಿಗೆ ಓಡಾಡಬೇಕಿಲ್ಲ. 2019ರ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಫ್ಲ್ಯಾಟು ನಿಮ್ಮ ಹೆಸರಿನಲ್ಲೂ ಇದೆ, ನೀವು ಕೊಟ್ಟ ಮೊತ್ತ 50 ಲಕ್ಷದ ಒಳಗಿದೆ. ಹಾಗಾಗಿ ಮಡಿಕೇರಿಯಲ್ಲಿರುವ ಕೊಡಗು ಜಿಲ್ಲಾ ಆಯೋಗಕ್ಕೇ ಹೋಗಬಹುದು. 20ರಿಂದ 50 ಲಕ್ಷದ ವ್ಯವಹಾರಕ್ಕೆ ಶುಲ್ಕ ಒಂದು ಸಾವಿರ. ಎರಡು ವರ್ಷದ ಕಾಲಮಿತಿಯನ್ನು ಎದುರಿನವರು ಎತ್ತುತ್ತಾರೆ, ಕಾರ್ಡ್ ನಿರಾಕರಿಸಿದ ತಾರೀಖಿನ ದಾಖಲೆ ಇಟ್ಟುಕೊಳ್ಳಿ. ರೇರಾ, ಗ್ರಾಹಕ ಆಯೋಗ ಎರಡೂ ಕಡೆ ಒಂದೇ ಪರಿಹಾರ ಕೇಳಿ ಹೋಗುವಂತಿಲ್ಲ, ಒಂದನ್ನು ಆರಿಸಿ. ಬಿಲ್ಡರ್ ಕೈಬಿಟ್ಟು ಹೋಗಿ ತಕರಾರು ಅಸೋಸಿಯೇಷನ್ನಿನ ಜೊತೆ ಮಾತ್ರ ಎಂದಾದರೆ ಸಿವಿಲ್ ನ್ಯಾಯಾಲಯವೇ ಗತಿ, ಅಲ್ಲಿ ಒಬ್ಬರೇ ಹೋಗುವುದಕ್ಕಿಂತ ಹತ್ತು ಮನೆಯವರು ಸೇರಿ ಹೋಗುವುದು ಖರ್ಚಿಗೂ ಬಲಕ್ಕೂ ಒಳ್ಳೆಯದು.

ಎರಡು ಬಲೆಗಳಿಂದ ದೂರ ಇರಿ. ‘ವರ್ಷಕ್ಕೆ ಇಷ್ಟು ಕಟ್ಟಿ ಕ್ಲಬ್ ಬಳಸಿ’ ಎಂದು ಕಮಿಟಿ ಕೊಡುವ ಫಾರ್ಮಿನಲ್ಲಿ ‘ನಮಗೆ ಹಕ್ಕಿಲ್ಲವೆಂದು ಒಪ್ಪಿ’ ಎಂಬ ಮಾತಿದ್ದರೆ ಸಹಿ ಹಾಕಬೇಡಿ. ಮತ್ತೊಂದು, ಸಿ ಟವರಿಗೇ ಬೇರೆ ಅಸೋಸಿಯೇಷನ್ ಮಾಡಿಕೊಳ್ಳುವ ಆಸೆ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಟ್ರಾನ್ಸ್‌ಫಾರ್ಮರ್, ಒಳರಸ್ತೆ ಎಲ್ಲ ಒಂದೇ ಆಗಿರುವಾಗ ಬೇರೆಯಾದರೆ ಕ್ಲಬ್ಬಿನ ಮೇಲಿನ ಹಕ್ಕನ್ನು ನೀವೇ ಬಿಟ್ಟುಕೊಟ್ಟಂತೆ ಕಾಣುತ್ತದೆ.

ಮಾರುವ ಬಗ್ಗೆ: ಈಗಲೇ ಬೇಡ. ಮೆಂಟೆನೆನ್ಸ್ ತಿಂಗಳಿಗೆ 2,144ಕ್ಕೆ ಇಳಿದ ಫ್ಲ್ಯಾಟಿಗೂ 4,500 ಇರುವ ಫ್ಲ್ಯಾಟಿಗೂ ಕೊಳ್ಳುವವರು ಬೇರೆ ಬೇರೆ ಬೆಲೆ ಹೇಳುತ್ತಾರೆ. ಒಂದು ವಾರ್ಷಿಕ ಸಭೆ ಕಳೆಯಲಿ. ಆಮೇಲೆ ಮಾರಿದರೂ, 2024ರ ಜುಲೈ 23ಕ್ಕಿಂತ ಮುಂಚೆ ಕೊಂಡದ್ದಾದ್ದರಿಂದ ದೀರ್ಘಾವಧಿ ಲಾಭದ ಮೇಲಿನ ತೆರಿಗೆಯಲ್ಲಿ ಇಂಡೆಕ್ಸೇಷನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಹಿಡಿಯುವುದು) ಇಲ್ಲದೆ ಶೇ 12.5 ಅಥವಾ ಇಂಡೆಕ್ಸೇಷನ್ ಸಹಿತ ಶೇ 20, ಯಾವುದು ಕಡಿಮೆಯೋ ಅದರ ಅನುಕೂಲ ನಿಮಗಿದೆ. ಲೆಕ್ಕವನ್ನು ಆಡಿಟರ್ ಹತ್ತಿರ ಹಾಕಿಸಿ.

ನಿಮ್ಮ ಭಾವನವರ ವಿಚಾರಕ್ಕೆ ಅಪಾರ್ಟ್‌ಮೆಂಟ್ ಕಾಯ್ದೆ ಅನ್ವಯಿಸುವುದಿಲ್ಲ, ಅವರು ಕೊಳ್ಳುತ್ತಿರುವುದು ಸೈಟು. ಆದರೆ ಜಾಗ 500 ಚದರ ಮೀಟರ್ ಮೀರಿದ ಲೇಔಟಿಗೆ ರೇರಾ ನೋಂದಣಿ ಬೇಕೇ ಬೇಕು. ಸಂಖ್ಯೆ ಕೇಳಲಿ, ಭೂಪರಿವರ್ತನೆ ಆದೇಶ ಮತ್ತು ಯೋಜನಾ ಪ್ರಾಧಿಕಾರ ಅನುಮೋದಿಸಿದ ಲೇಔಟ್ ನಕ್ಷೆ ಕೇಳಲಿ. ಕ್ಲಬ್‌ಹೌಸ್ ಯಾವ ಸೈಟ್ ನಂಬರಿನಲ್ಲಿದೆ, ಆ ಸೈಟು ಯಾರ ಹೆಸರಿನಲ್ಲಿದೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ಕೇಳಲಿ. ಮಾಲೀಕರ ಸಂಘಕ್ಕೆ ಬರೆದುಕೊಡುತ್ತೇವೆ ಎಂದರೆ ಅದು ಅಗ್ರಿಮೆಂಟಿನಲ್ಲಿ ತಾರೀಖು ಸಹಿತ ಬರಲಿ. ಬಿಲ್ಡರ್ ಕಂಪನಿಯ ಹೆಸರಿನಲ್ಲೇ ಉಳಿಯುತ್ತದೆ ಎಂದರೆ, ಸೈಟಿನ ಬೆಲೆಯಲ್ಲಿ ಕ್ಲಬ್‌ಹೌಸಿಗೆಂದು ಒಂದು ರೂಪಾಯಿಯನ್ನೂ ಲೆಕ್ಕ ಹಿಡಿಯದೆ ಚೌಕಾಸಿ ಮಾಡಲಿ.